ಪೈಥಾನ್‌ನಲ್ಲಿ ‘ಮನೆ’ ಹುಡುಕಿದರೆ ಸಿಗುತ್ತಿಲ್ಲ. ಇದು ಬಗ್ ಅಲ್ವಾ? ಎಲ್ಲಿ ಹೇಳಬೇಕು?

ಅಡಿಕೆಗೊನೆ · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ ಹೇಳುವ ಸಂಪ್ರದಾಯದ ಹಾಡುಗಳನ್ನು ಚಿಕ್ಕಮ್ಮ ಎರಡು ವರ್ಷದಿಂದ ಫೋನಿನಲ್ಲಿ ಟೈಪ್ ಮಾಡಿ ಇಡುತ್ತಾ ಬಂದಿದ್ದಾರೆ. ಈಗ 212 ಹಾಡು ಆಗಿದೆ. ಯಾವ ಪದ ಎಷ್ಟು ಸಲ ಬರುತ್ತದೆ ಅಂತ ನೋಡೋಣ ಅಂತ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ. ಪಠ್ಯದಲ್ಲಿ ಮಾದರಿ ಕೊಟ್ಟು ಹುಡುಕುವ ರೀ ಮಾಡ್ಯೂಲ್, ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡುವ ಫೈಂಡ್‌ಆಲ್, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಪ್ಲಸ್. ಅಷ್ಟೇ, ಪುಸ್ತಕದಲ್ಲಿ ಇರುವ ಮೊದಲನೇ ಉದಾಹರಣೆ.

(ಇಲ್ಲಿ ಕೋಡ್ ಅಂಟಿಸಿದರೆ ಬ್ಯಾಕ್‌ಸ್ಲ್ಯಾಶ್‌ಗಳನ್ನೆಲ್ಲ ಈ ವೇದಿಕೆ ನುಂಗಿಬಿಡುತ್ತದೆ. ಅದಕ್ಕೇ ಬಾಯಲ್ಲಿ ಹೇಳಿದ ಹಾಗೆ ಬರೆಯುತ್ತಿದ್ದೇನೆ. ಇನ್ನು ಮುಂದೆ ‘ಡಬ್ಲ್ಯು’ ಅಂದರೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು, ಪದದಲ್ಲಿ ಬರುವ ಒಂದು ಅಕ್ಷರದ ಗುರುತು. ‘ಬಿ’ ಅಂದರೆ ಬ್ಯಾಕ್‌ಸ್ಲ್ಯಾಶ್ ಬಿ, ಪದದ ಗಡಿಯ ಗುರುತು.)

ಬಂದ ಉತ್ತರ ನೋಡಿ ತಲೆ ಕೆಟ್ಟುಹೋಯಿತು. ಹಾಡುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಪದ ‘ಲ’ ಅಂತೆ! ‘ಕನ್ನಡ’ ಅನ್ನುವ ಪದ ಕೊಟ್ಟರೆ ‘ಕನ’, ‘ನಡ’ ಅಂತ ಎರಡು ಪದ ಬರುತ್ತದೆ. ‘ತೊಟ್ಟಿಲು’ ಕೊಟ್ಟರೆ ‘ತ’, ‘ಟ’, ‘ಟ’, ‘ಲ’. ತೊಟ್ಟಿಲು ಒಡೆದು ನಾಲ್ಕು ಚೂರು.

ಇನ್ನೊಂದು ಇದೆ. ಪೂರ್ತಿ ಪದವನ್ನೇ ಹುಡುಕೋಣ ಅಂತ ‘ಮನೆ’ಯ ಆಚೆ ಈಚೆ ಬಿ ಹಾಕಿ ಹುಡುಕಿದೆ. ಏನೂ ಸಿಗಲಿಲ್ಲ. ಅಜ್ಜಿ ಹಾಡಿನಲ್ಲಿ ಮನೆ ಇಲ್ಲ ಅಂದರೆ ಯಾರಾದರೂ ನಂಬುತ್ತಾರಾ?

ಮೂರು ಬೇರೆ ಬೇರೆ ಕಂಪ್ಯೂಟರಿನಲ್ಲಿ ನೋಡಿದೆ. ಮೂರರಲ್ಲೂ ಹೀಗೇ. ಇದು ಪೈಥಾನ್‌ನದೇ ಬಗ್ (ದೋಷ) ಅಂತ ನನಗೆ ಖಾತ್ರಿಯಾಗಿದೆ. ಎಲ್ಲಿ ಹೇಳಬೇಕು, ಹೇಗೆ ಬರೆಯಬೇಕು? ಇದುವರೆಗೆ ಯಾವತ್ತೂ ಬಗ್ ರಿಪೋರ್ಟ್ ಮಾಡಿಲ್ಲ. ಅಲ್ಲಿನವರು ಬೈಯುತ್ತಾರೆ ಅಂತ ಗೆಳೆಯ ಹೆದರಿಸಿದ್ದಾನೆ.

---

ಖಾರಾಬೂಂದಿ · ಶನಿವಾರ ರಾತ್ರಿ 10:52

ಬೈಯುವುದಿಲ್ಲ ಮಾರಾಯ. ‘ಇದು ಬಗ್ ಅಲ್ಲ’ ಅಂತ ಒಂದು ಸಾಲು ಬರೆದು ಬಾಗಿಲು ಮುಚ್ಚುತ್ತಾರೆ. ಅದಕ್ಕಿಂತ ಬೈದರೇ ವಾಸಿ.

---

ಸುಧಾ_ಟೆಸ್ಟಿಂಗ್ · ಶನಿವಾರ ರಾತ್ರಿ 11:15

ಖಾರಾಬೂಂದಿ, ಬಂದ ತಕ್ಷಣ ಹೆದರಿಸಬೇಡಿ.

ಅಡಿಕೆಗೊನೆ, ಮೊದಲು ಎಲ್ಲಿ ಅನ್ನುವುದು. 2022ರ ಏಪ್ರಿಲ್‌ನಿಂದ ಪೈಥಾನ್‌ನ ಬಗ್‌ಗಳೆಲ್ಲ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿವೆ, ಸಿಪೈಥಾನ್ ಅನ್ನುವ ರೆಪೊಸಿಟರಿಯ ಇಶ್ಯೂಸ್ ಪಟ್ಟಿಯಲ್ಲಿ. ಅದಕ್ಕೂ ಮುಂಚೆ ಬಗ್ಸ್ ಡಾಟ್ ಪೈಥಾನ್ ಡಾಟ್ ಆರ್ಗ್ ಅಂತ ಅವರದ್ದೇ ಜಾಗ ಇತ್ತು. 2007ಕ್ಕೂ ಮುಂಚೆ ಸೋರ್ಸ್‌ಫೋರ್ಜ್ ಅನ್ನುವ ತಾಣ. ಪ್ರತಿ ಸಲ ಮನೆ ಬದಲಿಸುವಾಗಲೂ ಹಳೇ ಕಂತೆಯನ್ನೆಲ್ಲ ಹೊತ್ತುಕೊಂಡೇ ಹೋಗಿದ್ದಾರೆ. ಹಾಗಾಗಿ ಇಪ್ಪತ್ತು ವರ್ಷದ ಹಿಂದಿನ ದೂರು ಕೂಡ ಹುಡುಕಿದರೆ ಸಿಗುತ್ತದೆ.

ಅದಕ್ಕೇ ಹೇಳುತ್ತಿರುವುದು, ಬರೆಯುವ ಮುಂಚೆ ಹುಡುಕಿ. ‘ಕನ್ನಡ’ ಅಂತ ಹುಡುಕಬೇಡಿ, ಏನೂ ಬರಲ್ಲ. ನಿಮ್ಮ ತೊಂದರೆಯನ್ನು ಒಬ್ಬ ತಮಿಳಿನವರೋ ಹಿಂದಿಯವರೋ ಯಾವ ಮಾತಿನಲ್ಲಿ ಬರೆದಿರಬಹುದು ಅಂತ ಯೋಚಿಸಿ ಆ ಮಾತಿನಲ್ಲಿ ಹುಡುಕಿ. ನಾನು ಈಗಷ್ಟೇ ಹುಡುಕಿದೆ. ಎರಡು ಸಿಕ್ಕಿತು. ಒಂದರ ಹಳೇ ಸಂಖ್ಯೆ 1693050. ರೋಮನ್ ಅಲ್ಲದ ಲಿಪಿಗಳಿಗೆ ಡಬ್ಲ್ಯು ಉಪಯೋಗಕ್ಕೆ ಬರುತ್ತಿಲ್ಲ ಅಂತ 2007ರಲ್ಲೇ ಒಬ್ಬರು ಬರೆದಿದ್ದಾರೆ. ಏಳಂಕಿ ಇದೆ ನೋಡಿ, ಅದು ಸೋರ್ಸ್‌ಫೋರ್ಜ್ ಕಾಲದ ಗುರುತು. ಇನ್ನೊಂದು 12731, 2011ರದ್ದು. ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನವರ ನಿಯಮಕ್ಕೆ ಇದು ಪೂರಾ ವಿರುದ್ಧ ಅಂತ ಪರ್ಲ್ ಭಾಷೆಯಲ್ಲಿ ಪಳಗಿದ ಕೈಯೊಂದು ಖಾರವಾಗಿಯೇ ಬರೆದಿದೆ.

ಅಂದರೆ ನೀವು ಹೊಸದಾಗಿ ಬರೆದರೆ ‘ಇದು ಆಗಲೇ ಇದೆ’ ಅಂತ ಮುಚ್ಚುತ್ತಾರೆ. ಅದು ಅವಮಾನ ಅಲ್ಲ.

---

ಅಡಿಕೆಗೊನೆ · ಶನಿವಾರ ರಾತ್ರಿ 11:31

2007ಆ? ಆಗ ನಾನು ನಾಲ್ಕನೇ ಕ್ಲಾಸು ಸುಧಾ ಅಕ್ಕ. ಇಷ್ಟು ವರ್ಷ ಇವರೆಲ್ಲ ಏನು ಮಾಡುತ್ತಿದ್ದರು? ನಮ್ಮ ಭಾಷೆ ಅಂದರೆ ಇಷ್ಟೇನಾ?

---

ಹಳೇಕೀಲಿ · ಭಾನುವಾರ ಬೆಳಿಗ್ಗೆ 6:20

ಕೋಪ ಆಮೇಲೆ ಮಾಡಿಕೊಳ್ಳೋಣ. ಒಂದು ಪ್ರಶ್ನೆ. ಪೂರ್ತಿ ಪದ ಹುಡುಕುವಾಗ ‘ಮನೆ’ ಸಿಗಲಿಲ್ಲ ಅಂದಿರಿ. ಅದೇ ಕೋಡಿನಲ್ಲಿ ಇಂಗ್ಲಿಷಿನ ‘ಹೌಸ್’ ಹಾಕಿ ನೋಡಿದಿರಾ?

---

ಅಡಿಕೆಗೊನೆ · ಭಾನುವಾರ ಬೆಳಿಗ್ಗೆ 8:05

ಇಲ್ಲ ಸರ್. ಇಂಗ್ಲಿಷಿಗೆ ಸರಿ ಇರುತ್ತದೆ ಅಂತ ಗೊತ್ತಲ್ವಾ, ಅದಕ್ಕೆ ನೋಡಲಿಲ್ಲ. ಈಗ ನೋಡಿ ಹೇಳುತ್ತೇನೆ.

---

ಅಡಿಕೆಗೊನೆ · ಭಾನುವಾರ ಬೆಳಿಗ್ಗೆ 8:12

ಸರ್, ‘ಹೌಸ್’ ಕೂಡ ಸಿಗುತ್ತಿಲ್ಲ!! ‘ಮೈ ಹೌಸ್’ ಅಂತ ವಾಕ್ಯ ಕೊಟ್ಟು ಅದರಲ್ಲೇ ಹುಡುಕಿದರೂ ಇಲ್ಲ ಅನ್ನುತ್ತಿದೆ. ಇದು ಇನ್ನೂ ದೊಡ್ಡ ಬಗ್ ಅಲ್ವಾ?

---

ಖಾರಾಬೂಂದಿ · ಭಾನುವಾರ ಬೆಳಿಗ್ಗೆ 8:14

ಹೌದೌದು. ಇಷ್ಟು ವರ್ಷದಿಂದ ಪೈಥಾನ್‌ನಲ್ಲಿ ಯಾರಿಗೂ ಒಂದು ಪದ ಹುಡುಕಲು ಆಗಿಲ್ಲ, ಶಿರಸಿ ಕಡೆ ಹುಡುಗ ಇವತ್ತು ಕಂಡುಹಿಡಿದ 😄

---

ಹಳೇಕೀಲಿ · ಭಾನುವಾರ ಬೆಳಿಗ್ಗೆ 8:30

ಉದ್ಧರಣ ಚಿಹ್ನೆ ಶುರುವಾಗುವ ಮುಂಚೆ ‘ಆರ್’ ಅಕ್ಷರ ಇದೆಯಾ ನೋಡಿ. ಇರಲಿಕ್ಕಿಲ್ಲ.

ಆರ್ ಇಲ್ಲದಿದ್ದರೆ ಪೈಥಾನ್ ಆ ಬಿಯನ್ನು ಪದದ ಗಡಿ ಅಂತ ಓದುವುದಿಲ್ಲ. ಅದು ಬ್ಯಾಕ್‌ಸ್ಪೇಸ್ ಆಗುತ್ತದೆ. ಕೀಬೋರ್ಡಿನಲ್ಲಿ ಅಳಿಸಲು ಒತ್ತುತ್ತೀರಲ್ಲ, ಆ ಸಂಕೇತ. ನೀವು ಹುಡುಕುತ್ತಿದ್ದದ್ದು ‘ಬ್ಯಾಕ್‌ಸ್ಪೇಸ್, ಮನೆ, ಬ್ಯಾಕ್‌ಸ್ಪೇಸ್’. ಅಂಥದ್ದು ಯಾವ ಅಜ್ಜಿಯ ಹಾಡಿನಲ್ಲೂ ಇರುವುದಿಲ್ಲ.

ಡಬ್ಲ್ಯುಗೆ ಹಾಗಾಗುವುದಿಲ್ಲ. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯುಗೆ ಪೈಥಾನ್‌ನ ಸ್ಟ್ರಿಂಗಿನಲ್ಲಿ (ಉದ್ಧರಣ ಚಿಹ್ನೆಯೊಳಗಿನ ಪಠ್ಯದಲ್ಲಿ) ಬೇರೆ ಅರ್ಥ ಇಲ್ಲ, ಹಾಗಾಗಿ ಇದ್ದ ಹಾಗೇ ದಾಟಿ ಹೋಗುತ್ತದೆ. ಆದರೆ 3.12 ಆವೃತ್ತಿಯಿಂದ ಅದಕ್ಕೊಂದು ಸಿಂಟ್ಯಾಕ್ಸ್ ವಾರ್ನಿಂಗ್ ಕಣ್ಣಿಗೇ ಕಾಣುವ ಹಾಗೆ ಬರುತ್ತದೆ. ನಿಮಗೂ ಬಂದಿರಬೇಕು.

---

ಅಡಿಕೆಗೊನೆ · ಭಾನುವಾರ ಬೆಳಿಗ್ಗೆ 9:02

ಬಂದಿತ್ತು ಸರ್. ನೋಡಿದ್ದೆ. ವಾರ್ನಿಂಗ್ ತಾನೇ, ಎರರ್ ಅಲ್ಲವಲ್ಲ ಅಂತ ಸುಮ್ನೆ ಬಿಟ್ಟೆ. ನಾಚಿಕೆ ಆಗುತ್ತಿದೆ.

ಆರ್ ಹಾಕಿದೆ. ‘ಹೌಸ್’ ಸಿಕ್ಕಿತು. ಆದರೆ ‘ಮನೆ’ ಈಗಲೂ ಸಿಗುತ್ತಿಲ್ಲ! ಅಷ್ಟೇ ಅಲ್ಲ, ಇನ್ನೂ ವಿಚಿತ್ರ ನೋಡಿ:

‘ಮನೆ ಕಟ್ಟಿದರು’ ಅನ್ನುವುದರಲ್ಲಿ ‘ಮನೆ’ ಹುಡುಕಿದರೆ ಇಲ್ಲ.
ಅದೇ ವಾಕ್ಯದಲ್ಲಿ ‘ಮನ’ ಹುಡುಕಿದರೆ ಸಿಗುತ್ತದೆ.
‘ಮನೆಯ ಮುಂದೆ’ ಅನ್ನುವುದರಲ್ಲಿ ‘ಮನೆ’ ಹುಡುಕಿದರೆ ಸಿಗುತ್ತದೆ.

ಮನೆಯಲ್ಲಿ ಮನೆ ಇಲ್ಲ, ಮನ ಇದೆ. ಯಾವ ತತ್ವಪದ ಸ್ವಾಮಿ ಇದು?

---

ಸುಧಾ_ಟೆಸ್ಟಿಂಗ್ · ಭಾನುವಾರ ಬೆಳಿಗ್ಗೆ 9:20

ಈಗ ಬಂತು ನೋಡಿ ಅಸಲಿ ಸಾಕ್ಷಿ. ನೆನ್ನೆ ನೀವು ಅಂದುಕೊಂಡಿದ್ದನ್ನೇ ಕಳಿಸಿದ್ದರೆ ಏನಾಗುತ್ತಿತ್ತು ಹೇಳಿ. ಅಲ್ಲಿ ಒಬ್ಬರು ಅರ್ಧ ನಿಮಿಷ ನೋಡಿ ‘ಆರ್ ಇಲ್ಲ, ಬಗ್ ಅಲ್ಲ’ ಅಂತ ಮುಚ್ಚುತ್ತಿದ್ದರು. ನಿಜವಾದ ತೊಂದರೆ ಅದರ ಅಡಿಯಲ್ಲೇ ಇತ್ತು, ಅದೂ ಜೊತೆಗೇ ಮುಚ್ಚಿಹೋಗುತ್ತಿತ್ತು.

ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು. ಮೇಲಿನದು ನಿಮ್ಮದು, ಕೆಳಗಿನದು ಪೈಥಾನ್‌ನದು. ನಮ್ಮ ಕೆಲಸದಲ್ಲಿ ವಾರಕ್ಕೊಮ್ಮೆ ಇದನ್ನು ನೋಡುತ್ತೇವೆ. ಸರಿಯಾಗಿಯೇ ಇದೆ ಅಂತ ಗೊತ್ತಿರುವುದನ್ನೂ ಒಮ್ಮೆ ಓಡಿಸಿ ನೋಡದಿದ್ದರೆ ಯಾವುದು ಯಾರ ತಪ್ಪು ಅಂತ ಬಿಡಿಸಲು ಆಗುವುದೇ ಇಲ್ಲ.

---

ಹಳೇಕೀಲಿ · ಭಾನುವಾರ ಬೆಳಿಗ್ಗೆ 10:45

ಯಾಕೆ ಹೀಗೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಯೂನಿಕೋಡ್ ಪ್ರತಿ ಸಂಕೇತಕ್ಕೂ ಒಂದು ಜಾತಿ ಕೊಟ್ಟಿದೆ. ಕ, ನ, ಡ ಇವೆಲ್ಲ ‘ಅಕ್ಷರ’ ಜಾತಿ. ಅಕ್ಷರವನ್ನು ಅರ್ಧಕ್ಕೆ ನಿಲ್ಲಿಸುವ ಗುರುತು, ಗುಣಿತದ ಚಿಹ್ನೆಗಳು, ಸೊನ್ನೆ, ಇವು ‘ಗುರುತು’ ಜಾತಿ. ಅಕ್ಷರಕ್ಕೆ ಅಂಟಿಕೊಂಡು ಬರುವಂಥವು. ‘ಕನ್ನಡ’ದಲ್ಲಿ ಐದು ಸಂಕೇತ: ಕ, ನ, ಅರ್ಧದ ಗುರುತು, ನ, ಡ. ‘ಮನೆ’ಯಲ್ಲಿ ಮೂರು: ಮ, ನ, ಆಮೇಲೆ ಎತ್ವ.

ಪೈಥಾನ್‌ನ ಡಬ್ಲ್ಯು ‘ಅಕ್ಷರ’ ಮತ್ತು ‘ಅಂಕಿ’ ಜಾತಿಗಳನ್ನು, ಜೊತೆಗೆ ಅಂಡರ್‌ಸ್ಕೋರನ್ನು ಮಾತ್ರ ಒಪ್ಪುತ್ತದೆ. ಗುರುತುಗಳನ್ನು ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಎತ್ವ ಅಂದರೆ ಅಲ್ಪವಿರಾಮ ಇದ್ದ ಹಾಗೆ, ಪದದ ಹೊರಗಿನದು. ಬಿ ಅಂದರೆ ‘ಪದದ ಒಳಗಿನ ಸಂಕೇತ ಮತ್ತು ಹೊರಗಿನ ಸಂಕೇತ ಎದುರುಬದುರಾಗುವ ಜಾಗ’. ಈಗ ‘ಮನೆ ಕಟ್ಟಿದರು’ ನೋಡಿ. ಎತ್ವ ಹೊರಗಿನದು, ಅದರ ಮುಂದಿನ ಖಾಲಿ ಜಾಗವೂ ಹೊರಗಿನದು. ಎರಡೂ ಹೊರಗಿನವೇ ಆದರೆ ಗಡಿ ಎಲ್ಲಿಂದ ಬರಬೇಕು? ಗಡಿ ಇರುವುದು ‘ನ’ ಮತ್ತು ಎತ್ವದ ನಡುವೆ. ಅದಕ್ಕೇ ‘ಮನ’ ಸಿಕ್ಕಿತು. ‘ಮನೆಯ’ದಲ್ಲಿ ಎತ್ವದ ಮುಂದೆ ‘ಯ’ ಇದೆ, ಅಲ್ಲೊಂದು ಗಡಿ ಹುಟ್ಟಿತು, ‘ಮನೆ’ ಸಿಕ್ಕಿತು.

ಇದರಲ್ಲಿ ಮಜಾ ಏನು ಅಂದರೆ, ಇದೇ ಪೈಥಾನ್‌ನಲ್ಲಿ ‘ಕನ್ನಡ’ ಅನ್ನುವುದನ್ನು ವೇರಿಯಬಲ್ ಹೆಸರಾಗಿ ಇಡಬಹುದು. ಪೈಥಾನ್ 3 ಒಪ್ಪುತ್ತದೆ. ಹೆಸರು ಇಡುವ ನಿಯಮದಲ್ಲಿ ಗುರುತು ಜಾತಿಗೆ ಜಾಗ ಇದೆ. ‘೧೨೩’ ಕೊಟ್ಟು ಇಂಟ್ (ಸಂಖ್ಯೆಯಾಗಿ ಬದಲಿಸುವುದು) ಮಾಡಿದರೆ 123 ಅಂತ ಸರಿಯಾಗಿ ಕೊಡುತ್ತದೆ. ಒಂದೇ ಭಾಷೆ, ಒಂದು ಬಾಗಿಲಲ್ಲಿ ಬನ್ನಿ ಅನ್ನುತ್ತದೆ, ಇನ್ನೊಂದರಲ್ಲಿ ಚಪ್ಪಲಿ ಬಿಟ್ಟು ಬನ್ನಿ ಅನ್ನುತ್ತದೆ.

ಹಾಗಾದರೆ ಇದು ಬಗ್ ಹೌದಾ ಅಲ್ಲವಾ? ಕೈಪಿಡಿಯಲ್ಲಿ ಡಬ್ಲ್ಯು ಅಂದರೆ ಈಸ್‌ಆಲ್‌ನಮ್ (ಅಕ್ಷರವೋ ಅಂಕಿಯೋ ಅಂತ ನೋಡುವ ಪರೀಕ್ಷೆ) ಒಪ್ಪುವಂಥವು ಮತ್ತು ಅಂಡರ್‌ಸ್ಕೋರ್ ಅಂತ ಬರೆದಿದೆ. ಕೋಡ್ ಅದನ್ನೇ ಮಾಡುತ್ತಿದೆ. ಕೈಪಿಡಿ ಹಿಡಿದು ವಾದಿಸಿದರೆ ಬಗ್ ಅಲ್ಲ. ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ (ಹೀಗೆ ಮಾದರಿ ಕೊಟ್ಟು ಹುಡುಕುವುದಕ್ಕೆ) ಅಂತಲೇ ಯೂನಿಕೋಡ್ ಬರೆದಿರುವ 18ನೇ ತಾಂತ್ರಿಕ ನಿಯಮ ಹಿಡಿದರೆ, ಗುರುತುಗಳೂ ಪದದ ಭಾಗ. ಪರ್ಲ್ ಹಾಗೇ ಮಾಡುತ್ತದೆ. ರಸ್ಟ್ ಭಾಷೆಯ ರೆಜೆಕ್ಸ್ ಕೂಡ. ಆ ಅಳತೆಯಲ್ಲಿ ಇದು ಬಗ್ ಹೌದು. ಯಾವ ಕೋಲಿನಿಂದ ಅಳೆಯಬೇಕು ಅನ್ನುವುದೇ ಆ ಹಳೇ ದೂರಿನ ಜಗಳ.

---

ಲೆಕ್ಕಪುಸ್ತಕ · ಭಾನುವಾರ ಮಧ್ಯಾಹ್ನ 12:10

ಓಹೋ, ಇದಾ ವಿಷಯ! ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಹೆಸರು ತುಂಬುವ ಒಂದು ಫಾರಂ ಇತ್ತು. ‘ಅಕ್ಷರ ಮಾತ್ರ ಇರಬೇಕು’ ಅಂತ ಈಸ್‌ಆಲ್ಫಾ (ಅಕ್ಷರ ಮಾತ್ರ ಒಪ್ಪುವುದು) ಹಾಕಿ ಪರೀಕ್ಷೆ ಮಾಡುತ್ತಿದ್ದರು. ‘ಕಮಲ’ ಅಂತ ಕೊಟ್ಟರೆ ಪಾಸ್. ‘ಕಮಲಾ’ ಅಂತ ದೀರ್ಘ ಕೊಟ್ಟರೆ ಫೇಲ್, ‘ಹೆಸರಿನಲ್ಲಿ ವಿಶೇಷ ಚಿಹ್ನೆ ಬಳಸಬೇಡಿ’ ಅಂತ ಕೆಂಪಗೆ ಬರುತ್ತಿತ್ತು. ಕೌಂಟರಿನಲ್ಲಿ ಇದ್ದವರು ದೀರ್ಘ ತೆಗೆದು ಹಾಕಿ ಮುಂದೆ ಹೋಗುತ್ತಿದ್ದರು. ‘ವಸಂತ’ ಅಂತ ಕೊಟ್ಟರೂ ಸೊನ್ನೆಗೆ ಬೀಳುತ್ತಿತ್ತು. ಕೊನೆಗೆ ಎಲ್ಲರೂ ಇಂಗ್ಲಿಷಿನಲ್ಲೇ ತುಂಬಲು ಶುರು ಮಾಡಿದರು. ಯಾರೂ ಎಲ್ಲೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

---

ಖಾರಾಬೂಂದಿ · ಭಾನುವಾರ ಮಧ್ಯಾಹ್ನ 12:33

ಇಲ್ಲಿ ನೋಡಿ, ಅದೇ ನಾನು ಹೇಳುವುದು. 2007ರಿಂದ ದೂರು ಇದೆ, ಕಾರಣ ಗೊತ್ತಿದೆ, ಬೇರೆ ಭಾಷೆಯವರು ಸರಿ ಮಾಡಿಕೊಂಡಿದ್ದಾರೆ. ಇವರು ಮಾತ್ರ ‘ಕೈಪಿಡಿಯಲ್ಲಿ ಹಾಗಿದೆ’ ಅಂತ ಕೂತಿದ್ದಾರೆ. ಕೈಪಿಡಿ ಬರೆದವರು ಯಾರು? ಇವರೇ ತಾನೇ?

---

ದೂರದಬೆಟ್ಟ · ಭಾನುವಾರ ಸಂಜೆ 4:18

ಖಾರಾಬೂಂದಿಯವರೇ, ‘ಬಗ್ ಅಲ್ಲ’ ಅಂತ ಮುಚ್ಚಿದ ಬಾಗಿಲು ಮತ್ತೆ ತೆರೆದದ್ದೂ ಉಂಟು. ನನಗೆ ತುಂಬಾ ಇಷ್ಟದ ಒಂದು ಕಥೆ ಇದೆ.

ದಿನಾಂಕ, ಸಮಯ ಇಡುವ ಪೈಥಾನ್‌ನ ಡೇಟ್‌ಟೈಮ್‌ನಲ್ಲಿ ಟೈಮ್ ಅನ್ನುವ ವಸ್ತು ಇದೆಯಲ್ಲ, ಅದರಲ್ಲಿ ಮಧ್ಯರಾತ್ರಿ 12 ಗಂಟೆ ಇಟ್ಟರೆ ಪೈಥಾನ್ ಅದನ್ನು ‘ಸುಳ್ಳು’ ಅಂತ ಲೆಕ್ಕ ಹಾಕುತ್ತಿತ್ತು. ಸೊನ್ನೆಯನ್ನು, ಖಾಲಿ ಪಟ್ಟಿಯನ್ನು ಸುಳ್ಳು ಅನ್ನುವ ಹಾಗೆ. ‘ಸಮಯ ಕೊಟ್ಟಿದ್ದಾರಾ?’ ಅಂತ ಇಫ್ ಹಾಕಿ ನೋಡಿದರೆ, ಮಧ್ಯರಾತ್ರಿ ಕೊಟ್ಟಾಗ ಮಾತ್ರ ‘ಕೊಟ್ಟಿಲ್ಲ’ ಅನ್ನುವ ಉತ್ತರ. 2012ರಲ್ಲಿ ಒಬ್ಬರು ದೂರು ಕೊಟ್ಟರು, ಸಂಖ್ಯೆ 13936. ‘ಕೈಪಿಡಿಯಲ್ಲಿ ಹಾಗೇ ಬರೆದಿದೆ, ಬಗ್ ಅಲ್ಲ’ ಅಂತ ಮುಚ್ಚಿದರು. 2014ರಲ್ಲಿ ಇನ್ನೊಬ್ಬರು ಇದನ್ನು ಮೇಲಿಂಗ್ ಲಿಸ್ಟಿಗೆ ತಂದರು. ದೊಡ್ಡ ಜಗಳ ನಡೆಯಿತು. ಮತ್ತೆ ತೆರೆದರು. 3.5 ಆವೃತ್ತಿಯಲ್ಲಿ ಸರಿ ಮಾಡಿದರು.

ಕೈಪಿಡಿಯ ಮಾತು ಅಲ್ಲೂ ಮುಚ್ಚಿದವರ ಪರವೇ ಇತ್ತು. ಕೊನೆಗೆ ಗೆದ್ದದ್ದು ‘ಹೀಗೆ ಬರೆದಿದ್ದರೂ ಇದರಿಂದ ಯಾರಿಗೂ ಉಪಯೋಗ ಇಲ್ಲ, ತೊಂದರೆ ಮಾತ್ರ ಇದೆ’ ಅನ್ನುವ ಮಾತು.

ನಮ್ಮವರಿಗೆ ಇದರಲ್ಲಿ ಇನ್ನೊಂದು ತಮಾಷೆ ಇದೆ. ಟೈಮ್‌ಝೋನ್ ಸೇರಿಸಿದ ಸಮಯ ಆದರೆ ಆ ಲೆಕ್ಕ ಯುಟಿಸಿಯ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯದ) ಮಧ್ಯರಾತ್ರಿಗೆ ಹೋಗುತ್ತಿತ್ತು. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಭಾರತದ ಸಮಯ ಅಂತ ಹೇಳಿ ಇಟ್ಟರೆ ಮಧ್ಯರಾತ್ರಿ ನಿಜ, ಬೆಳಿಗ್ಗೆ ಐದೂವರೆ ಸುಳ್ಳು! ಹಾಲಿನವನು ಬರುವ ಹೊತ್ತು. ಇಂಗ್ಲೆಂಡಿನಲ್ಲಿ ಚಳಿಗಾಲದ ಮಧ್ಯರಾತ್ರಿ ಸಿಗುವ ಬಗ್ ನಮಗೆ ಕಾಫಿ ಕುಡಿಯುವಾಗ ಸಿಗುತ್ತಿತ್ತು. ಇಂಥದ್ದನ್ನು ಯಾರಾದರೂ ಆ ದೂರಿನ ಕೆಳಗೆ ಬರೆದರೆ ಓದುವವರು ನಕ್ಕು ಎದ್ದು ಕೂರುತ್ತಾರೆ. ‘ನನಗೂ ಹೀಗೇ ಆಗಿದೆ’ ಅಂತ ನೂರು ಜನ ಬರೆದರೆ ಹಾಗಾಗುವುದಿಲ್ಲ.

---

ಅಡಿಕೆಗೊನೆ · ಭಾನುವಾರ ಸಂಜೆ 5:02

ಇದು ಅದ್ಭುತ ಸರ್. ಆದರೆ ಡಬ್ಲ್ಯುವನ್ನು ಸರಿ ಮಾಡಲು ಅಷ್ಟೊಂದು ಕಷ್ಟವಾ? ಗುರುತು ಜಾತಿಯನ್ನೂ ಸೇರಿಸಿಕೊ ಅಂತ ಒಂದು ಸಾಲು ಬರೆದರೆ ಆಯ್ತಲ್ವಾ?

---

ದೂರದಬೆಟ್ಟ · ಭಾನುವಾರ ಸಂಜೆ 5:40

ಒಂದು ಸಾಲೇ. ರೀ ಮಾಡ್ಯೂಲಿನ ಒಳಗಿನ ಎಂಜಿನ್ ಸಿ ಭಾಷೆಯಲ್ಲಿದೆ. ಅದರಲ್ಲಿ ‘ಈಸ್‌ಆಲ್‌ನಮ್ ಹೌದಾ, ಇಲ್ಲಾ ಅಂಡರ್‌ಸ್ಕೋರ್ ಹೌದಾ’ ಅಂತ ಕೇಳುವ ಮ್ಯಾಕ್ರೊ (ಪುಟ್ಟ ಕೋಡ್ ತುಣುಕು) ಒಂದಿದೆ. ಅದಕ್ಕೆ ಇನ್ನೊಂದು ‘ಇಲ್ಲಾ’ ಸೇರಿಸಿದರೆ ಸುಮಾರು ಕೆಲಸ ಮುಗಿಯುತ್ತದೆ. ಕಷ್ಟ ಇರುವುದು ಆ ಸಾಲಿನ ಆಚೆ.

ಲೇಖನದ ಶೀರ್ಷಿಕೆಯಿಂದ ವೆಬ್ ವಿಳಾಸ ತಯಾರಿಸುವ ಕೋಡ್ ಎಷ್ಟೋ ಕಡೆ ಇದೆ. ಡಬ್ಲ್ಯು ಒಪ್ಪದ್ದನ್ನೆಲ್ಲ ಅದು ಕತ್ತರಿಸಿ ಎಸೆಯುತ್ತದೆ. ‘ಕನ್ನಡ’ ಅಲ್ಲಿ ‘ಕನನಡ’ ಆಗುತ್ತದೆ, ‘ಮನೆ’ ‘ಮನ’ ಆಗುತ್ತದೆ. ಒತ್ತು, ಗುಣಿತ ಎಲ್ಲ ಬೋಳಿಸಿದ ವಿಳಾಸಗಳು. ನೋಡಲು ಹಿಂಸೆ. ಆದರೆ ಆ ವಿಳಾಸಗಳು ಬದುಕಿವೆ. ಜನ ಅವನ್ನು ವಾಟ್ಸಾಪಿನಲ್ಲಿ ಕಳಿಸಿದ್ದಾರೆ, ಗೂಗಲ್ ನೆನಪಿಟ್ಟುಕೊಂಡಿದೆ. ನಾಳೆ ಡಬ್ಲ್ಯು ಸರಿಯಾದರೆ, ಶೀರ್ಷಿಕೆಯಿಂದ ಪ್ರತಿ ಸಲ ವಿಳಾಸ ಹುಟ್ಟಿಸುವ ತಾಣಗಳಲ್ಲಿ ಹಳೇ ವಿಳಾಸ ಒತ್ತಿದವರಿಗೆ ‘ಪುಟ ಸಿಗಲಿಲ್ಲ’ ಅಂತ ಬರುತ್ತದೆ. ಬಗ್ ಸರಿಯಾಯಿತು, ಕೊಂಡಿ ಮುರಿಯಿತು. ಪಾಸ್‌ವರ್ಡ್ ಪರೀಕ್ಷೆ, ಹುಡುಕಾಟದ ಸೂಚಿ, ಹೀಗೆ ಇನ್ನೆಷ್ಟು ಮನೆಗಳು ಈ ಸೊಟ್ಟ ಅಡಿಪಾಯದ ಮೇಲೇ ಕಟ್ಟಿಕೊಂಡು ಕೂತಿವೆಯೋ.

ಹಾಗಂತ ಸರಿ ಮಾಡಬಾರದು ಅಂತ ಅಲ್ಲ. ನನ್ನ ಕೇಳಿದರೆ ಮಾಡಲೇಬೇಕು, ಮುಂಚೆ ಎಚ್ಚರಿಕೆ ಕೊಟ್ಟು, ಇಲ್ಲವೇ ಬೇಕಾದವರು ಮಾತ್ರ ಹಾಕಿಕೊಳ್ಳುವ ಹೊಸ ಫ್ಲ್ಯಾಗ್ ಕೊಟ್ಟು. ಆದರೆ ‘ಒಂದು ಸಾಲು ತಾನೇ’ ಅಂತ ಅಲ್ಲಿ ಹೋಗಿ ಬರೆಯಬೇಡಿ.

---

ಲೆಕ್ಕಪುಸ್ತಕ · ಭಾನುವಾರ ಸಂಜೆ 6:15

ಸರಿ, ಸರಿ ಮಾಡುವವರು ಸರಿ ಮಾಡುವ ತನಕ ಈ ಹುಡುಗ ಹಾಡಿನ ಪದ ಹೇಗೆ ಎಣಿಸಬೇಕು?

---

ಹಳೇಕೀಲಿ · ಭಾನುವಾರ ಸಂಜೆ 6:50

ಎರಡು ದಾರಿ. ಒಂದು, ಪೈಥಾನ್‌ಗೆ ಹೊರಗಿನ ಮಾಡ್ಯೂಲ್ ತಂದು ಹಾಕುವ ಪಿಪ್‌ನಲ್ಲಿ ರೆಜೆಕ್ಸ್ ಅನ್ನುವ ಬೇರೆ ಮಾಡ್ಯೂಲ್ ಸಿಗುತ್ತದೆ. ಪೈಥಾನ್ ಜೊತೆ ಬರುವ ರೀ ಅಲ್ಲ. ಅದರ ಡಬ್ಲ್ಯು ಗುರುತುಗಳನ್ನೂ ಒಪ್ಪುತ್ತದೆ. ಇಂಪೋರ್ಟ್ ಸಾಲು ಬದಲಿಸಿದರೆ ಮುಗಿಯಿತು.

ಇನ್ನೊಂದು, ಡಬ್ಲ್ಯು ಸಹವಾಸವೇ ಬೇಡ. ಕನ್ನಡದ ಯೂನಿಕೋಡ್ ಬೀದಿ 0ಸಿ80ರಿಂದ 0ಸಿಎಫ್‌ಎಫ್ ತನಕ. ಚೌಕ ಕಂಸದಲ್ಲಿ ಆ ವ್ಯಾಪ್ತಿ ಕೊಟ್ಟು ಪ್ಲಸ್ ಹಾಕಿ. ಜೊತೆಗೆ 200ಸಿ ಮತ್ತು 200ಡಿ ಮರೆಯಬೇಡಿ. ಅವು ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳು. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಟ್ ಮತ್ತು ವೇ ಅಂಟದ ಹಾಗೆ ನಡುವೆ ಕೂರುತ್ತದಲ್ಲ, ಅದು 200ಸಿ. ಅವನ್ನು ಬಿಟ್ಟರೆ ಆ ಪದ ಮತ್ತೆ ಎರಡು ತುಂಡು.

ಅಜ್ಜಿ ಹಾಡಿನಲ್ಲಿ ಸಾಫ್ಟ್‌ವೇರ್ ಇರುವುದಿಲ್ಲ, ಒಪ್ಪಿದೆ. ಆದರೂ ಹಾಕಿ.

---

ಸುಧಾ_ಟೆಸ್ಟಿಂಗ್ · ಭಾನುವಾರ ರಾತ್ರಿ 8:05

ಎಣಿಸುವ ಮುಂಚೆ ಇನ್ನೊಂದು ಕೆಲಸ. ಯೂನಿಕೋಡ್‌ಡೇಟಾದ ನಾರ್ಮಲೈಸ್‌ನಲ್ಲಿ ಎನ್‌ಎಫ್‌ಸಿ (ಬೇರೆ ಬೇರೆ ಥರ ಟೈಪಾದ ಒಂದೇ ಅಕ್ಷರವನ್ನು ಒಂದೇ ರೂಪಕ್ಕೆ ತರುವುದು) ಹಾಕಿ ಕಡತವನ್ನು ಒಮ್ಮೆ ಜಾಲಾಡಿ. ಯಾಕೆ ಅಂತ ನನ್ನ ಮಾನ ಹೋದ ಕಥೆ ಹೇಳುತ್ತೇನೆ.

ಹಿಂದೊಮ್ಮೆ ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿಗೆ ದೊಡ್ಡದಾಗಿ ಬಗ್ ಬರೆದಿದ್ದೆ. ‘ಕೋಳಿ’ ಅನ್ನುವ ಎರಡು ಪದ ಹೋಲಿಸಿದರೆ ಬೇರೆ ಬೇರೆ ಅನ್ನುತ್ತಿದೆ, ಸ್ಕ್ರೀನಿನಲ್ಲಿ ಎರಡೂ ಒಂದೇ ಕಾಣುತ್ತಿದೆ, ನೋಡಿ ಸ್ಕ್ರೀನ್‌ಶಾಟ್ ಅಂತ. ಒಬ್ಬರು ಬಹಳ ಮರ್ಯಾದೆಯಿಂದಲೇ ಉತ್ತರ ಕೊಟ್ಟರು: ‘ಎರಡರ ಉದ್ದ ಎಷ್ಟು ಬರುತ್ತಿದೆ ತಿಳಿಸಿ’. ಲೆನ್ ಹಾಕಿದೆ. ಒಂದು 4, ಇನ್ನೊಂದು 6.

‘ಕೋ’ದಲ್ಲಿರುವ ಓತ್ವ ಒಂದೇ ಸಂಕೇತವಾಗಿ ಇರಬಹುದು. ಇಲ್ಲವೇ ಎತ್ವ, ಊತ್ವದ ಕೊಂಬು, ದೀರ್ಘದ ಗುರುತು ಅಂತ ಮೂರು ಸಂಕೇತ ಸೇರಿ ಆಗಿರಬಹುದು. ಕಣ್ಣಿಗೆ ಒಂದೇ ಕೋಳಿ. ಕಂಪ್ಯೂಟರಿಗೆ ಎರಡು. ಎನ್‌ಎಫ್‌ಸಿ ಹಾಕಿದ ಮೇಲೆ ಎರಡೂ ಒಂದಾದವು. ಬಗ್ ನಾನೇ ಮುಚ್ಚಿದೆ. ಆವತ್ತಿನಿಂದ ಸ್ಕ್ರೀನ್‌ಶಾಟ್ ಕಳಿಸುವುದನ್ನು ಬಿಟ್ಟೆ. ಪಠ್ಯದ ಬಗ್‌ಗೆ ಚಿತ್ರ ಕಳಿಸುವುದು ಅಂದರೆ ಡಾಕ್ಟರಿಗೆ ಹೊಟ್ಟೆನೋವಿನ ಫೋಟೋ ಕಳಿಸಿದ ಹಾಗೆ.

---

ಖಾರಾಬೂಂದಿ · ಭಾನುವಾರ ರಾತ್ರಿ 8:21

ಸುಧಾ ಮೇಡಂಗೂ ಹೀಗಾಗಿದೆ ಅಂದರೆ ನಮ್ಮಂಥವರಿಗೆ ಸಮಾಧಾನ 🙏

---

ಅಡಿಕೆಗೊನೆ · ಸೋಮವಾರ ರಾತ್ರಿ 9:30

ಆಫೀಸ್ ಮುಗಿಸಿ ಕೂತು ಬರೆದೆ. ಇಂಗ್ಲಿಷಿನಲ್ಲಿದೆ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಸುಧಾ ಅಕ್ಕ ನೋಡಿ.

‘ನಮಸ್ಕಾರ. ಕನ್ನಡ ಕೋಟ್ಯಂತರ ಜನ ಮಾತಾಡುವ, ಎರಡು ಸಾವಿರ ವರ್ಷದ ಇತಿಹಾಸ ಇರುವ ಭಾಷೆ. ಅದಕ್ಕೆ ಪೈಥಾನ್‌ನಲ್ಲಿ ಇಷ್ಟು ವರ್ಷದಿಂದ ಅನ್ಯಾಯ ಆಗುತ್ತಿದೆ. ನನ್ನ ಅಜ್ಜಿಯ ಹಾಡುಗಳನ್ನು…’ ಹೀಗೆ ಶುರುವಾಗಿ, ಆಮೇಲೆ ನನ್ನ ಪೂರ್ತಿ ಪ್ರೋಗ್ರಾಂ, 140 ಸಾಲು. ಕೊನೆಗೆ ‘ದಯವಿಟ್ಟು ಬೇಗ ಸರಿ ಮಾಡಿ’.

---

ಸುಧಾ_ಟೆಸ್ಟಿಂಗ್ · ಸೋಮವಾರ ರಾತ್ರಿ 9:58

ತಮ್ಮಾ, ಮನಸ್ಸಿಗೆ ತಗೋಬೇಡಿ. ಮೊದಲನೇ ಪ್ಯಾರಾ ಪೂರ್ತಿ ತೆಗೆಯಿರಿ. 140 ಸಾಲನ್ನೂ ತೆಗೆಯಿರಿ. ಕಡತ ಓದುವುದು, ಎಣಿಸುವುದು, ಪಟ್ಟಿ ಮಾಡುವುದು, ಯಾವುದೂ ಬಗ್‌ಗೆ ಬೇಕಿಲ್ಲ. ಏನನ್ನು ತೆಗೆದರೂ ಬಗ್ ಇನ್ನೂ ಕಾಣಿಸುತ್ತದೋ ಅದನ್ನೆಲ್ಲ ತೆಗೆಯುತ್ತಾ ಹೋಗಿ. ತೆಗೆದರೆ ಬಗ್ ಕೂಡ ಮಾಯ ಆಗುತ್ತದೆ ಅನ್ನುವಲ್ಲಿ ನಿಲ್ಲಿಸಿ.

ಅಲ್ಲಿ ಮೊದಲು ಓದುವವರು ಬಹಳ ಸಲ ಟ್ರಯಾಜ್ ಮಾಡುವ ಸ್ವಯಂಸೇವಕರು. ಸಂಜೆ ಊಟ ಮುಗಿಸಿ ಕೂತು ಒಂದೊಂದೇ ದೂರು ತೆಗೆದು ಲೇಬಲ್ ಹಚ್ಚುವವರು: ಬಗ್ಗಾ, ಹೊಸ ಸೌಲಭ್ಯದ ಕೋರಿಕೆಯಾ, ಕೈಪಿಡಿಯ ತಪ್ಪಾ. ಅವರು ನಿಮ್ಮ ನಾಲ್ಕು ಸಾಲು ನಕಲು ಮಾಡಿ, ಅಂಟಿಸಿ, ಎಂಟರ್ ಒತ್ತಿದಾಗ ನಿಮಗೆ ಕಂಡದ್ದೇ ಅವರಿಗೂ ಕಾಣಬೇಕು. ನಾಳೆ ಯಾರಾದರೂ ಸರಿ ಮಾಡಲು ಕೂತರೆ ಆ ನಾಲ್ಕು ಸಾಲೇ ಟೆಸ್ಟ್ ಆಗುತ್ತದೆ. ಟೆಸ್ಟ್ ಇಲ್ಲದ ತಿದ್ದುಪಡಿಯನ್ನು ಅವರು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆವೃತ್ತಿ ಬರೆಯಿರಿ. ಯಾವುದರಲ್ಲಿ ಓಡಿಸಿದಿರಿ?

---

ಅಡಿಕೆಗೊನೆ · ಸೋಮವಾರ ರಾತ್ರಿ 10:10

ಮನೆಯ ಲ್ಯಾಪ್‌ಟಾಪಿನಲ್ಲಿ 3.8. ಅದೇ ಸಾಕಲ್ವಾ?

---

ದೂರದಬೆಟ್ಟ · ಸೋಮವಾರ ರಾತ್ರಿ 10:25

ಸಾಲದು. 3.8ರ ಕಾಲ 2024ರಲ್ಲೇ ಮುಗಿದಿದೆ. ಪ್ರತಿ ವರ್ಷ ಅಕ್ಟೋಬರಿನಲ್ಲಿ ಹೊಸ ಪೈಥಾನ್ ಬರುತ್ತದೆ. 3.13ರಿಂದ ಈಚೆಗೆ ಮೊದಲ 2 ವರ್ಷ ಬಗ್ ತಿದ್ದುಪಡಿ, ಆಮೇಲೆ 3 ವರ್ಷ ಭದ್ರತೆಯದ್ದು ಮಾತ್ರ. ಆಮೇಲೆ ತಿಥಿ. ಹಳೇದರಲ್ಲಿ ಕಂಡ ಬಗ್ ಹೇಳಿದರೆ ಮೊದಲ ಪ್ರಶ್ನೆಯೇ ‘ಹೊಸದರಲ್ಲಿ ನೋಡಿದಿರಾ’ ಅಂತ. ಆದರೆ ನಿಮಗೆ ವಾರ್ನಿಂಗ್ ಬಂದಿತ್ತು ಅಂದಿರಿ. ಅದು ಕಣ್ಣಿಗೆ ಕಾಣುವ ಹಾಗೆ ಬರುವುದು 3.12ರಿಂದ. ಅಂದರೆ ಮೂರು ಕಂಪ್ಯೂಟರಿನಲ್ಲಿ ಒಂದರಲ್ಲಾದರೂ ಹೊಸದು ಇದೆ.

ಹಾಗೇ ಇನ್ನೊಂದು ಮಾತು, ಇದಕ್ಕೆ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ. ಭದ್ರತೆಯ ಬಗ್ ಏನಾದರೂ ಕಂಡರೆ ಹೀಗೆ ಬಹಿರಂಗವಾಗಿ ಬರೆಯಬೇಡಿ. ಅದಕ್ಕೆ ಪೈಥಾನ್‌ನ ಭದ್ರತಾ ತಂಡದ ಬೇರೆ ಇಮೇಲ್ ಇದೆ. ಅಲ್ಲೂ ನಿಧಾನ ಇಲ್ಲ ಅಂತಲ್ಲ. ಟಾರ್ ಕಡತ (ಹಲವು ಕಡತಗಳ ಕಟ್ಟು) ಬಿಚ್ಚುವಾಗ ಬೇರೆ ಫೋಲ್ಡರಿನ ಕಡತವನ್ನೂ ಅಳಿಸಿ ಬರೆಯಬಹುದಾದ ತೊಂದರೆ 2007ರಲ್ಲೇ ದಾಖಲಾಗಿತ್ತು. 2022ರಲ್ಲಿ ಮತ್ತೆ ಗದ್ದಲ ಆಯಿತು. 3.12ರಲ್ಲಿ ಫಿಲ್ಟರ್ ಬಂತು, 3.14ರಲ್ಲಿ ಅದು ತಾನಾಗಿಯೇ ಜಾರಿಯಾಯಿತು. ಅಲ್ಲೂ ಕಾರಣ ಅದೇ, ಹಳೇ ನಡವಳಿಕೆ ನಂಬಿ ಕೂತ ಕೋಡ್.

---

ಅಡಿಕೆಗೊನೆ · ಮಂಗಳವಾರ ಬೆಳಿಗ್ಗೆ 7:15

ಹೌದು ಸರ್, ಆಫೀಸಿನದರಲ್ಲಿ 3.13 ಇತ್ತು. ಮನೆಯದರಲ್ಲೂ ಹೊಸದು ಹಾಕಿಕೊಂಡು ಓಡಿಸಿದೆ, ಎರಡರಲ್ಲೂ ಹಾಗೇ ಇದೆ. ಹೊಸ ದೂರು ತೆರೆಯಲಿಲ್ಲ. ಹಳೇ 12731ರ ಪುಟಕ್ಕೆ ಹೋಗಿ ಪೂರ್ತಿ ಓದಿದೆ, ಒಂದು ಗಂಟೆ ಹಿಡಿಯಿತು. ಪದ ತುಂಡಾಗುವುದನ್ನು ಆಗಲೇ ಹೇಳಿದ್ದಾರೆ. ನನ್ನ ಕರಡು ಈಗ ಇಷ್ಟೇ:

ಇಂಪೋರ್ಟ್ ಸಾಲು. ‘ಮನೆ ಕಟ್ಟಿದರು’ವಿನಲ್ಲಿ ‘ಮನೆ’ ಹುಡುಕುವ ಸಾಲು, ಉತ್ತರ ‘ನನ್’ (ಏನೂ ಇಲ್ಲ). ಅದೇ ವಾಕ್ಯದಲ್ಲಿ ‘ಮನ’ ಹುಡುಕುವ ಸಾಲು, ಉತ್ತರ ಸಿಕ್ಕಿತು. ‘ಮೈ ಹೌಸ್’ನಲ್ಲಿ ‘ಹೌಸ್’, ಉತ್ತರ ಸಿಕ್ಕಿತು. ಎಲ್ಲದರ ಹಿಂದೆ ಆರ್ ಇದೆ, ಎರಡು ಸಲ ನೋಡಿದ್ದೇನೆ. ಕೆಳಗೆ ಎರಡು ವಾಕ್ಯ: ‘ಮೊದಲನೇ ಪದಕ್ಕೆ ಹೌಸ್ ಅಂತ ಅರ್ಥ, ಎರಡನೇದಕ್ಕೆ ಮೈಂಡ್ ಅಂತ ಅರ್ಥ. ಪೂರ್ತಿ ಪದ ಹುಡುಕಿದರೆ ಇರುವ ಪದ ಸಿಗುವುದಿಲ್ಲ, ಇಲ್ಲದ ಪದ ಸಿಗುತ್ತದೆ.’ ಆವೃತ್ತಿ. ಮುಗೀತು.

---

ಹಳೇಕೀಲಿ · ಮಂಗಳವಾರ ಬೆಳಿಗ್ಗೆ 7:40

ಸಂಕೇತಗಳ ಸಂಖ್ಯೆಯನ್ನೂ ಒಂದು ಸಾಲಿನಲ್ಲಿ ಹಾಕಿ. 0ಸಿಎಇ, 0ಸಿಎ8, 0ಸಿಸಿ6. ಅವರಿಗೆ ನಮ್ಮ ಲಿಪಿ ಓದಲು ಬರುವುದಿಲ್ಲ. ಸಂಖ್ಯೆ ಬರುತ್ತದೆ.

---

ಅಡಿಕೆಗೊನೆ · ಮಂಗಳವಾರ ಬೆಳಿಗ್ಗೆ 8:20

ಹಾಕಿ, ಕಳಿಸಿದೆ ಸರ್.

ಈಚೆ ನನ್ನ ಪ್ರೋಗ್ರಾಂನಲ್ಲಿ ಡಬ್ಲ್ಯು ತೆಗೆದು ಕನ್ನಡದ ವ್ಯಾಪ್ತಿ ಕೊಟ್ಟೆ, ಎನ್‌ಎಫ್‌ಸಿಯನ್ನೂ ಹಾಕಿದೆ. ‘ಲ’ ಪಟ್ಟಿಯಿಂದ ಇಳಿದು ಹೋಯಿತು. ಈಗ ಎಲ್ಲಕ್ಕಿಂತ ಮೇಲೆ ಬಂದಿರುವ ಪದ ‘ತಂಗಿ’. ಎರಡನೇದು ‘ಶೋಭಾನೆ’. ‘ಮನೆ’ ಇನ್ನೂ ಕೆಳಗಿದೆ. ಮನೆಯ, ಮನೆಗೆ, ಮನೆಲಿ ಎಲ್ಲ ಬೇರೆ ಬೇರೆ ಪದ ಅಂತ ಎಣಿಸುತ್ತಿದೆ.

---

ಖಾರಾಬೂಂದಿ · ಮಂಗಳವಾರ ಬೆಳಿಗ್ಗೆ 8:26

ಅದೂ ಪೈಥಾನ್‌ನ ಬಗ್ಗಾ?

---

ಅಡಿಕೆಗೊನೆ · ಮಂಗಳವಾರ ಬೆಳಿಗ್ಗೆ 8:31

ಅಲ್ಲ ಸರ್, ಅದು ಕನ್ನಡ ವ್ಯಾಕರಣ. ಬಸ್ ಬಂತು, ಆಮೇಲೆ ಬರುತ್ತೇನೆ.